ಮುರಿದ ಶಾಫ್ಟನ್ನು ಗುಜರಿಗೆ ಹಾಕುವ ಮುನ್ನ

ಮಳೆಗಾಲ ಕಳೆದು ತೋಟದ ದಾರಿಗಳೂ ಗುಡ್ಡದ ಏರುಗಳೂ ಮತ್ತೆ ಬಳಕೆಗೆ ಬರುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಚಕ್ರಗಳನ್ನು ಹೊತ್ತು ತಿರುಗಿಸುವ ಅಚ್ಚಿಗೆ, ಅಂದರೆ ಜೀಪಿನ ಆಕ್ಸಲ್‌ಗೆ ಸಂಬಂಧಿಸಿರುತ್ತವೆ. ಈ ಸಲ ಅವುಗಳನ್ನೇ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿದ್ದು, ಬರೆದವರ ಊರನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ತೋಟದಲ್ಲಿ ಮಹೀಂದ್ರ ಎಂಎಂ 540 ಜೀಪಿದೆ. ಎರಡು ವರ್ಷದ ಹಿಂದೆ 6.00-16ರ ಹಳೆಯ ಟೈರುಗಳನ್ನು ತೆಗೆದು 31 ಇಂಚು ಎತ್ತರದ ಅಗಲ ಟೈರುಗಳನ್ನು ಹಾಕಿಸಿದೆವು. ಅಲ್ಲಿಂದೀಚೆಗೆ ಹಿಂದಿನ ಎಡಗಡೆಯ ಆಕ್ಸಲ್ ಶಾಫ್ಟ್ ಎರಡು ಸಲ ಮುರಿದಿದೆ. ಎರಡು ಸಲವೂ ಮುರಿದದ್ದು ಹಬ್ (ಚಕ್ರವನ್ನು ಹಿಡಿಯುವ ನಡುಭಾಗ) ಕೂರುವ ತುದಿಯಲ್ಲಿ, ಕೀ (ಹಬ್ ಜಾರದಂತೆ ತಡೆಯುವ ಲೋಹದ ತುಂಡು) ಕೂರುವ ಕಚ್ಚಿನ ಪಕ್ಕದಲ್ಲೇ. ಎಂಜಿನ್ನಿನ ಬಲವನ್ನು ಶಾಫ್ಟುಗಳಿಗೆ ದಾಟಿಸುವ ಹಲ್ಲುಗಾಲಿ ಜೋಡಿಯ, ಅಂದರೆ ಕ್ರೌನ್-ಪಿನಿಯನ್ನಿನ ಹಲ್ಲುಗಳು 8ಕ್ಕೆ 39. ಇಎನ್ 24 ಉಕ್ಕಿನಲ್ಲಿ ಹೊಸ ಶಾಫ್ಟ್ ಮಾಡಿಕೊಡುವುದಾಗಿ ಲೇತ್‌ನವರು ಹೇಳುತ್ತಾರೆ. ಇಡೀ ಆಕ್ಸಲನ್ನೇ ಬದಲಿಸಿ ಎಂದು ಸ್ನೇಹಿತರು ಹೇಳುತ್ತಾರೆ. ಯಾವುದು ಸರಿ?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಎರಡರಲ್ಲಿ ಯಾವುದನ್ನೂ ಈಗಲೇ ಮಾಡಬೇಡಿ. ಮುರಿದ ಎರಡು ತುಂಡುಗಳು ಇನ್ನೂ ನಿಮ್ಮ ಬಳಿ ಇದ್ದರೆ ಮೊದಲು ಅವುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಿಸಿಲಿನಲ್ಲಿ ಹಿಡಿದು, ಮುರಿದ ಮುಖವನ್ನು ನೋಡಿ. ಶಾಫ್ಟ್ ಒಂದೇ ಏಟಿಗೆ ತಿರುಚಿಕೊಂಡು ಮುರಿದಿದ್ದರೆ ಆ ಮುಖವೆಲ್ಲ ಒಂದೇ ಬಗೆಯಾಗಿ ಕಾಣುತ್ತದೆ ಮತ್ತು ಅನೇಕ ಸಲ ಒಳತುದಿಯ ಸ್ಪ್ಲೈನ್ ಗೆರೆಗಳು (ಉದ್ದುದ್ದ ಕೊರೆದ ಹಲ್ಲುಗಳು) ನೇರವಾಗಿರದೆ ಹಗ್ಗ ಹೊಸೆದಂತೆ ಓರೆಯಾಗಿರುತ್ತವೆ. ಅದರ ಬದಲು, ಅಂಚಿನ ಒಂದು ಬಿಂದುವಿನಿಂದ ಹೊರಟು ಒಳಕ್ಕೆ ಹಬ್ಬಿದ ನುಣುಪಾದ ಭಾಗವೂ, ಅದರ ಮೇಲೆ ಅಲೆಗಳು ಮರಳಿನಲ್ಲಿ ಬಿಟ್ಟುಹೋಗುವಂಥ ಬಾಗಿದ ಗೆರೆಗಳೂ, ಕೊನೆಯಲ್ಲಿ ಒರಟಾದ ಸಣ್ಣ ಭಾಗವೂ ಕಂಡರೆ ಅದು ಲೋಹದ ದಣಿವಿನಿಂದ ಹುಟ್ಟಿದ ಬಿರುಕು. ಶಾಫ್ಟ್ ಮುರಿದಾಗ ನೀವು ಕೇಳಿರಬಹುದಾದ 'ಟಕ್' ಎಂಬ ಶಬ್ದ ಆ ಬಿರುಕಿನ ಕೊನೆಯ ದಿನದ್ದು ಮಾತ್ರ. ಅದು ತಿಂಗಳುಗಟ್ಟಲೆ ಮೊದಲೇ ಆರಂಭವಾಗಿತ್ತು.

ಒಂದೇ ಕಡೆಯ ಶಾಫ್ಟ್, ಒಂದೇ ಜಾಗದಲ್ಲಿ, ಎರಡು ಸಲ ಮುರಿದಿದೆ ಎಂಬುದನ್ನು ಓದಿದಾಗ ನನಗೆ ದಣಿವಿನ ಬಿರುಕಿನದೇ ಸಂಶಯ. ಈ ಹಳೆಯ ಮಾದರಿಯ ಆಕ್ಸಲ್‌ನಲ್ಲಿ ಶಾಫ್ಟಿನ ತುದಿ ಕೋನಾಕಾರದಲ್ಲಿ ಸಣ್ಣದಾಗುತ್ತಾ ಹೋಗುತ್ತದೆ. ಹಬ್ ಅದರ ಮೇಲೆ ಬಿಗಿಯಾಗಿ ಕೂತು, ದೊಡ್ಡ ನಟ್ಟಿನ ಒತ್ತಡದಲ್ಲಿ ಹಿಡಿದು ನಿಲ್ಲುತ್ತದೆ. ಭಾರ ಹೊರಬೇಕಾದದ್ದು ಆ ಕೋನದ ಹಿಡಿತವೇ ಹೊರತು ಕೀ ಅಲ್ಲ. ನಟ್ ಸ್ವಲ್ಪ ಸಡಿಲವಾದರೂ ಹಬ್ ಸೂಕ್ಷ್ಮವಾಗಿ ಅಲುಗಾಡತೊಡಗಿ, ಪೂರ್ತಿ ಬಲ ಕೀ ಮೇಲೆ ಬಿದ್ದು, ಕಚ್ಚಿನ ಮೂಲೆಯಿಂದ ಬಿರುಕು ಹೊರಡುತ್ತದೆ. ಆದ್ದರಿಂದ ಈ ನಟ್ಟನ್ನು ಕನಿಷ್ಠ 200 ನ್ಯೂಟನ್-ಮೀಟರ್ ಬಿಗಿಗೆ ತಂದು, ಸ್ಪ್ಲಿಟ್ ಪಿನ್ನಿನ ತೂತು ಹೊಂದದಿದ್ದರೆ ಇನ್ನಷ್ಟು ಬಿಗಿ ಮಾಡಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ಹಬ್ಬಿನ ಒಳಮೈ ಮತ್ತು ಶಾಫ್ಟಿನ ಹೊರಮೈಗೆ ನೀಲಿ ಬಣ್ಣ ಸವರಿ, ಕೂರಿಸಿ ತೆಗೆದು ನೋಡಿ. ಬಣ್ಣ ಎಲ್ಲ ಕಡೆ ಒಂದೇ ಸಮ ಅಂಟಿರದಿದ್ದರೆ ಹಬ್ ಸವೆದಿದೆ ಎಂದು ತಿಳಿಯಿರಿ. ಅಂಥ ಹಬ್ಬಿಗೆ ಎಷ್ಟು ಒಳ್ಳೆಯ ಶಾಫ್ಟ್ ಹಾಕಿದರೂ ಉಳಿಯುವುದಿಲ್ಲ.

ಎರಡನೆಯ ಸಂಶಯ ಹೌಸಿಂಗ್, ಅಂದರೆ ಶಾಫ್ಟುಗಳನ್ನು ಒಳಗಿಟ್ಟುಕೊಂಡ ಹೊರಕವಚ, ಬಾಗಿರುವುದು. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹಿಂದಿನ ಚಕ್ರಗಳನ್ನು ಜ್ಯಾಕಿನಲ್ಲಿ ಎತ್ತಿ, ಪ್ರತಿ ಚಕ್ರವನ್ನೂ ಕೈಯಿಂದ ತಿರುಗಿಸುತ್ತಾ ಟೈರಿನ ನಡುವೆ ಮೊಳೆಯ ತುದಿಯಿಂದ ಒಂದು ಸುತ್ತು ಗೆರೆ ಎಳೆಯಿರಿ. ಜೀಪನ್ನು ಕೆಳಗಿಳಿಸಿ, ಒಂದೆರಡು ಮಾರು ಮುಂದಕ್ಕೆ ತಳ್ಳಿ, ಎರಡು ಗೆರೆಗಳ ನಡುವಿನ ದೂರವನ್ನು ಹಬ್ಬಿನ ಎತ್ತರದಲ್ಲಿ ಟೈರಿನ ಮುಂಭಾಗದಲ್ಲೊಮ್ಮೆ, ಹಿಂಭಾಗದಲ್ಲೊಮ್ಮೆ ಅಳೆಯಿರಿ. ಎರಡು ಅಳತೆಗಳೂ ಒಂದೇ ಆಗಿರಬೇಕು. ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಹೌಸಿಂಗ್ ನೇರವಾಗಿಲ್ಲ. ಬಾಗಿದ ಹೌಸಿಂಗಿನೊಳಗೆ ತಿರುಗುವ ಶಾಫ್ಟ್ ಪ್ರತಿ ಸುತ್ತಿಗೂ ಒಮ್ಮೆ ಬಾಗಿ ನೇರವಾಗುತ್ತಿರುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸಿ ಮುರಿಯುತ್ತೇವಲ್ಲ, ಅಲ್ಲಿ ನಡೆಯುವುದೂ ಅದೇ.

ಇನ್ನು ಟೈರಿನ ಮಾತು. 28 ಇಂಚಿನಷ್ಟಿದ್ದ ಚಕ್ರದ ಜಾಗಕ್ಕೆ 31 ಇಂಚಿನದು ಬಂದಾಗ ನಿಮ್ಮ 4.88ರ (39ನ್ನು 8ರಿಂದ ಭಾಗಿಸಿದ ಅನುಪಾತದ) ಕ್ರೌನ್-ಪಿನಿಯನ್, ಹಳೆಯ ಟೈರಿನ ಲೆಕ್ಕದಲ್ಲಿ 4.41ರಂತೆ ಕೆಲಸ ಮಾಡತೊಡಗುತ್ತದೆ. ಏರಿನಲ್ಲಿ ಜೀಪು ಏದುಸಿರು ಬಿಡುತ್ತದೆ, ಚಾಲಕ ಕ್ಲಚ್ಚನ್ನು ಥಟ್ಟನೆ ಬಿಟ್ಟು ಓಟದ ಬಲದಿಂದ ಹತ್ತಿಸಲು ನೋಡುತ್ತಾನೆ. ಆ ಏಟು ಶಾಫ್ಟಿಗೆ ಬೀಳುತ್ತದೆ. ಅಗಲ ಟೈರು ಹಬ್ಬಿನಿಂದ ಹೊರಕ್ಕೆ ಚಾಚಿಕೊಂಡಿದ್ದರೆ ಬಾಗಿಸುವ ಬಲವೂ ಹೆಚ್ಚುತ್ತದೆ. ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲ ಹಣವನ್ನು ಹಬ್ ಮತ್ತು ಹೌಸಿಂಗಿಗೆ ಖರ್ಚು ಮಾಡಿ, ಎರಡನೆಯದನ್ನು 8ಕ್ಕೆ 43ರ ಕ್ರೌನ್-ಪಿನಿಯನ್‌ಗೆ ಇಡುತ್ತಿದ್ದೆ. ಹಳೆಯ ಸಿಜೆ-3ಬಿ ಜೀಪುಗಳಲ್ಲಿದ್ದ ಈ 5.38ರ ಅನುಪಾತ, 31 ಇಂಚಿನ ಟೈರಿನೊಂದಿಗೆ ನಿಮಗೆ ಹೆಚ್ಚುಕಡಿಮೆ ಮೊದಲಿನ 4.88ರ ಎಳೆತವನ್ನೇ ಮರಳಿ ಕೊಡುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್ ಎರಡಕ್ಕೂ ಒಂದೇ ಅನುಪಾತ ಇರಲೇಬೇಕೆಂಬುದನ್ನು ಮರೆಯಬೇಡಿ. ಹಾಗಿಲ್ಲದೆ ಫೋರ್ ವೀಲ್ ಹಾಕಿದರೆ ಎರಡು ಆಕ್ಸಲ್‌ಗಳೂ ಟ್ರಾನ್ಸ್‌ಫರ್ ಕೇಸಿನ (ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರು ಪೆಟ್ಟಿಗೆಯ) ಮೂಲಕ ಒಂದನ್ನೊಂದು ಎಳೆದಾಡುತ್ತವೆ.

ಇಎನ್ 24 ಒಳ್ಳೆಯ ಉಕ್ಕು. ನಿಕಲ್, ಕ್ರೋಮಿಯಂ, ಮಾಲಿಬ್ಡಿನಮ್ ಸೇರಿರುವ ಈ ಉಕ್ಕನ್ನು ಸಾಮಾನ್ಯವಾಗಿ 'ಟಿ' ಸ್ಥಿತಿಯಲ್ಲಿ, ಅಂದರೆ ಬ್ರಿನೆಲ್ ಅಳತೆಯಲ್ಲಿ 248ರಿಂದ 302ರವರೆಗಿನ ಗಡಸುತನದಲ್ಲಿ ಮಾರುತ್ತಾರೆ. ಆದರೆ ಕಂಪನಿಯ ಶಾಫ್ಟ್ ಸಾಧಾರಣ ಇಂಗಾಲದ ಉಕ್ಕಿನದೇ ಆಗಿದ್ದರೂ, ಅದರ ಹೊರಮೈಯನ್ನು ಇಂಡಕ್ಷನ್ ವಿಧಾನದಲ್ಲಿ ಗಡಸುಗೊಳಿಸಿರುತ್ತಾರೆ. ತಿರುಚುವ ಬಲ ಅತಿ ಹೆಚ್ಚಿರುವುದೂ ಹೊರಮೈಯಲ್ಲೇ. ಹೀಗಾಗಿ, ಹೆಸರಿಗೆ ಮಾತ್ರ ಇಎನ್ 24 ಆಗಿದ್ದು, ಲೇತಿನಿಂದ ಇಳಿಸಿದ್ದನ್ನು ಹಾಗೇ ಕೊಟ್ಟ ಶಾಫ್ಟ್, ಕಂಪನಿಯದಕ್ಕಿಂತ ಬೇಗ ಮುರಿಯಬಹುದು. ಹಲವು ವರ್ಷಗಳ ಹಿಂದೆ ನಾನೇ ಒಬ್ಬರ ಜೀಪಿಗೆ ಇಂಥ ಒಂದು ಜೊತೆಯನ್ನು ಮಾಡಿಸಿ, ಮೂರನೆಯ ತಿಂಗಳಿಗೆ ಅವರನ್ನು ತೋಟದ ನಡುವೆ ನಿಲ್ಲಿಸಿಬಿಟ್ಟೆ; ಕಚ್ಚಿನ ಮೂಲೆಗಳನ್ನು ಚೂಪಾಗಿಯೇ ಬಿಟ್ಟಿದ್ದರು, ನಾನು ನೋಡಿರಲಿಲ್ಲ. ಮಾಡಿಸುವುದೇ ಆದರೆ ಶಾಖಸಂಸ್ಕಾರ ಮುಗಿದ ಮೇಲಿನ ಗಡಸುತನದ ಅಳತೆಯನ್ನು ಬರಹದಲ್ಲಿ ಕೇಳಿ, ಕಚ್ಚಿನ ಮೂಲೆಗಳೂ ವ್ಯಾಸ ಬದಲಾಗುವ ಜಾಗಗಳೂ ಗುಂಡಾಗಿರಲಿ ಎಂದು ಪಟ್ಟು ಹಿಡಿಯಿರಿ.

ಪ್ರಶ್ನೆ: ನಾನು ಮಾಂದಲಪಟ್ಟಿ ದಾರಿಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ಜೀಪು ಓಡಿಸುತ್ತೇನೆ. ಹಿಂದಿನ ಹೌಸಿಂಗಿನಲ್ಲಿ, ನಡುವಿನ ಗುಂಡಗಿನ ಭಾಗಕ್ಕೆ ಪೈಪು ಸೇರುವಲ್ಲಿ ಎಣ್ಣೆ ಜಿನುಗುತ್ತಿದೆ. ಮೇಲೊಂದು ಕಬ್ಬಿಣದ ಆ್ಯಂಗಲ್ ಇಟ್ಟು ಉದ್ದಕ್ಕೂ ವೆಲ್ಡಿಂಗ್ ಮಾಡಿದರೆ ಗಟ್ಟಿಯಾಗುತ್ತದೆ ಎನ್ನುತ್ತಾರೆ. ಮಾಡಿಸಲೇ?
— ಚಾಲಕರು, ಮಡಿಕೇರಿ

ಉತ್ತರ: ಜಿನುಗುತ್ತಿರುವುದು ಸೀಲಿನಿಂದಲೋ ಬಿರುಕಿನಿಂದಲೋ ಎಂಬುದು ಗೊತ್ತಾಗುವವರೆಗೆ ಆ ಜೀಪಿನಲ್ಲಿ ಜನರನ್ನು ಕೂರಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಆ ಜಾಗವನ್ನು ಚೆನ್ನಾಗಿ ಉಜ್ಜಿ ತೊಳೆದು, ಸೀಮೆಎಣ್ಣೆ ಸವರಿ, ಕೆಲವು ನಿಮಿಷ ಬಿಟ್ಟು, ಬಟ್ಟೆಯಿಂದ ಪೂರ್ತಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿದ್ದರೆ ಒಳಸೇರಿದ ಸೀಮೆಎಣ್ಣೆ ಹೊರಬಂದು ಸುಣ್ಣದ ಮೇಲೆ ಗೆರೆಯಾಗಿ ಮೂಡುತ್ತದೆ. ಇದೇ ತತ್ವದ ಕೆಂಪು ಬಣ್ಣದ ಸ್ಪ್ರೇ ಡಬ್ಬಿಗಳೂ ಅಂಗಡಿಯಲ್ಲಿ ಸಿಗುತ್ತವೆ ಮತ್ತು ಅವು ಇನ್ನೂ ಸೂಕ್ಷ್ಮವಾಗಿ ತೋರಿಸುತ್ತವೆ.

ನಿಮ್ಮ ಹೌಸಿಂಗಿನ ನಡುಭಾಗ ಎರಕದ್ದು, ಪೈಪುಗಳು ಉಕ್ಕಿನವು. ಪೈಪನ್ನು ಎರಕದೊಳಗೆ ಒತ್ತಿ ಕೂರಿಸಿ, ಕೆಲವೇ ತೂತುಗಳ ಮೂಲಕ ವೆಲ್ಡ್ ಮಾಡಿರುತ್ತಾರೆ. ಭಾರ ಹೇರಿದ ಜೀಪು ಹಳ್ಳಕ್ಕೆ ಬಿದ್ದಾಗಲೆಲ್ಲ ಸ್ಪ್ರಿಂಗುಗಳು ಪೈಪನ್ನು ಕೆಳಕ್ಕೂ, ಚಕ್ರಗಳು ಅದರ ತುದಿಗಳನ್ನು ಮೇಲಕ್ಕೂ ಒತ್ತುವುದರಿಂದ ಈ ಕೂಡುಗೆ ಮೊದಲು ಸೋಲುತ್ತದೆ. ಅಲ್ಲಿ ಸುತ್ತ ವೆಲ್ಡಿಂಗ್ ಮಾಡಿಸಬಹುದು, ಆದರೆ ಸಾಮಾನ್ಯ ರಾಡಿನಿಂದ ತಣ್ಣಗಿನ ಎರಕದ ಮೇಲೆ ಮಾಡಿದರೆ ವೆಲ್ಡಿಂಗ್ ಪಕ್ಕದ ಎರಕ ಗಾಜಿನಂತೆ ಬಿರುಸಾಗಿ ಒಡೆಯುತ್ತದೆ. ಮೊದಲು 200ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ನಿಕಲ್ ರಾಡಿನಲ್ಲಿ ತುಂಡು ತುಂಡಾಗಿ ವೆಲ್ಡ್ ಮಾಡಿ, ಬಳಿಕ ಒಣ ಬೂದಿಯಲ್ಲೋ ಮರಳಿನಲ್ಲೋ ಹೂತು ರಾತ್ರಿಯಿಡೀ ನಿಧಾನವಾಗಿ ತಣಿಯಲು ಬಿಡಬೇಕು.

ಮೇಲಿನ ಆ್ಯಂಗಲ್ ವಿಚಾರಕ್ಕೆ ಬಂದರೆ, ಆಲೋಚನೆ ಸರಿಯಿದೆ, ವಿಧಾನ ತಪ್ಪು. ಹೌಸಿಂಗಿನ ಮೇಲೆ ಸೇತುವೆಯಂಥ ಆಧಾರ ಕಟ್ಟುವುದನ್ನು ಟ್ರಸ್ ಎನ್ನುತ್ತಾರೆ. ಅದರ ಬಲ ಬರುವುದು ತೂಕದಿಂದಲ್ಲ, ಎತ್ತರದಿಂದ. ಪೈಪಿಗೆ ಅಂಟಿಕೊಂಡಂತೆ ಇಟ್ಟ ದಪ್ಪ ಆ್ಯಂಗಲ್‌ಗಿಂತ, ನಾಲ್ಕೈದು ಮಿಲಿಮೀಟರ್ ತಗಡಿನಲ್ಲಿ ನಡುಭಾಗದ ಮೇಲೆ ಎತ್ತರವಾಗಿ ಹಾದು ಎರಡೂ ಸ್ಪ್ರಿಂಗ್ ಪೀಠಗಳ ಆಚೆಯವರೆಗೆ ಚಾಚಿದ ಪೆಟ್ಟಿಗೆಯಂಥ ರಚನೆ ಹೆಚ್ಚು ಹೊರುತ್ತದೆ. ಅಪಾಯವಿರುವುದು ಬಿಸಿಯಲ್ಲಿ. ವೆಲ್ಡಿಂಗ್ ತಣಿಯುವಾಗ ಕುಗ್ಗುತ್ತದೆ. ಮೇಲ್ಬದಿಯಲ್ಲೇ ಉದ್ದಕ್ಕೂ ಒಂದೇ ಉಸಿರಿಗೆ ಎಳೆದರೆ ಪೈಪಿನ ತುದಿಗಳು ಮೇಲಕ್ಕೆ ಬಾಗುತ್ತವೆ, ಅಂದರೆ ಭಾರ ಯಾವ ದಿಕ್ಕಿಗೆ ಬಾಗಿಸುತ್ತಿತ್ತೋ ಅದೇ ದಿಕ್ಕಿಗೆ ವೆಲ್ಡಿಂಗ್ ಮಾಡಿದವನೂ ಬಾಗಿಸಿಕೊಟ್ಟಂತಾಗುತ್ತದೆ. ಆದ್ದರಿಂದ ಒಳಗಿನ ಸಾಮಾನನ್ನೆಲ್ಲ ಬಿಚ್ಚಿ, ಎರಡೂ ತುದಿಯ ಬೇರಿಂಗ್ ಗೂಡುಗಳ ಮೂಲಕ ಒಂದು ನೇರವಾದ, ಲೇತಿನಲ್ಲಿ ಸಮಗೊಳಿಸಿದ ಸರಳನ್ನು ತೂರಿಸಿ, ಒಂದೂವರೆ ಇಂಚಿನಷ್ಟು ಎಡಕ್ಕೆ, ಅಷ್ಟೇ ಬಲಕ್ಕೆ, ನಡುವೆ ತಣಿಯಲು ಬಿಟ್ಟು, ಸರಳು ಕೈಯಿಂದಲೇ ತಿರುಗುತ್ತಿದೆಯೇ ಎಂದು ನೋಡುತ್ತಾ ಕೆಲಸ ಮಾಡಬೇಕು. ಅಷ್ಟು ತಾಳ್ಮೆಯಿಲ್ಲದ ಕಡೆ ಮಾಡಿಸುವುದಕ್ಕಿಂತ, ಬಿರುಕಿಲ್ಲದ ಇನ್ನೊಂದು ಹೌಸಿಂಗನ್ನು ಪರೀಕ್ಷಿಸಿ ತಂದು ಹಾಕುವುದೇ ಮೇಲು.

ಪ್ರಶ್ನೆ: ನನ್ನ ಮಾರುತಿ ಜಿಪ್ಸಿಗೆ ಮುಂದೆ ಡಿಫರೆನ್ಷಿಯಲ್ ಲಾಕ್ (ಎರಡೂ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಸಾಧನ) ಹಾಕಿಸಿದ ಮೇಲೆ ಮುಂದಿನ ಚಕ್ರದ ಜಾಯಿಂಟ್ ಒಡೆಯಿತು. 30 ಇಂಚಿನ ಟೈರಿದೆ. ದೊಡ್ಡ ವಾಹನದ ಆಕ್ಸಲ್ ಹಾಕಿಸಬೇಕೆಂದಿದ್ದೇನೆ.
— ಬೆಂಗಳೂರು

ಉತ್ತರ: ಲಾಕ್ ಇಲ್ಲದಾಗ ಒಂದು ಚಕ್ರ ಹಿಡಿತ ತಪ್ಪಿ ತಿರುಗಿದೊಡನೆ ಇನ್ನೊಂದರ ಮೇಲಿನ ಬಲವೂ ಇಳಿದುಬಿಡುತ್ತಿತ್ತು, ಆ ಜಾರುವಿಕೆಯೇ ನಿಮ್ಮ ಜಾಯಿಂಟಿಗೆ ಫ್ಯೂಸಿನಂತೆ ಕೆಲಸ ಮಾಡುತ್ತಿತ್ತು. ಲಾಕ್ ಹಾಕಿದ ಮೇಲೆ ನೆಲಕ್ಕಂಟಿದ ಒಂದೇ ಚಕ್ರದ ಶಾಫ್ಟಿನ ಮೇಲೆ ಆಕ್ಸಲ್ಲಿನ ಪೂರ್ತಿ ಬಲ ಬೀಳಬಹುದು. ಸ್ಟಿಯರಿಂಗ್ ಪೂರ್ತಿ ತಿರುಗಿಸಿರುವಾಗ ಗುಂಡುಗಳ ಮೇಲೆ ಓಡುವ ಈ ಬಗೆಯ ಜಾಯಿಂಟ್ ಅತ್ಯಂತ ದುರ್ಬಲವಾಗಿರುವುದರಿಂದ, ಬಂಡೆ ಹತ್ತುವಾಗ ಚಕ್ರವನ್ನು ನೇರಕ್ಕೆ ತಂದೇ ಆಕ್ಸಿಲರೇಟರ್ ಒತ್ತುವ ಅಭ್ಯಾಸ ಮಾಡಿಕೊಳ್ಳಿ. ನಾನು ಕಂಡ ಒಡೆದ ಜಾಯಿಂಟುಗಳಲ್ಲಿ ಬಹುಪಾಲು ಆ ಒಂದು ಗಳಿಗೆಯಲ್ಲೇ ಹೋದವು.

ಜಿಪ್ಸಿಯ ದೊಡ್ಡ ಗುಣ ಅದರ ಹಗುರತನ. ಒಂದು ಟನ್ನಿನ ಆಸುಪಾಸಿನ ವಾಹನಕ್ಕೆ ಭಾರಿ ಆಕ್ಸಲ್ ಹಾಕಿದರೆ ಸ್ಪ್ರಿಂಗಿನ ಕೆಳಗಿನ ತೂಕ ಹೆಚ್ಚಿ, ಚಕ್ರ ಗುಂಡಿಯಿಂದ ಗುಂಡಿಗೆ ಜಿಗಿಯುತ್ತದೆ, ಬ್ರೇಕು ಸಾಲದಾಗುತ್ತದೆ, ನಡುವಿನ ಉಬ್ಬು ದೊಡ್ಡದಾಗಿ ಕಲ್ಲಿಗೆ ತಾಗುತ್ತದೆ. 30 ಇಂಚಿನ ಟೈರಿಗೆ ಕ್ರೋಮಿಯಂ-ಮಾಲಿಬ್ಡಿನಮ್ ಉಕ್ಕಿನ ಜಾಯಿಂಟ್ ಮತ್ತು ಒಳಶಾಫ್ಟುಗಳು ಸಾಕು. ಶಾಫ್ಟ್ ತಿರುಚನ್ನು ತಡೆಯುವ ಶಕ್ತಿ ವ್ಯಾಸದ ಘನಕ್ಕೆ ಅನುಗುಣವಾಗಿರುವುದರಿಂದ 26 ಮಿಲಿಮೀಟರಿನದು 30 ಆದರೆ ಶಕ್ತಿ ಒಂದೂವರೆ ಪಟ್ಟಾಗುತ್ತದೆ ಎಂಬುದು ನಿಜ, ಆದರೆ ಹೌಸಿಂಗಿನಲ್ಲಿ ಅಷ್ಟು ಜಾಗವಿರಬೇಕು. ಹೊರಗಿನ ಜಾಯಿಂಟ್ ಗಟ್ಟಿಯಾದ ಮೇಲೆ ಮುಂದಿನ ಸರದಿ ಒಳಶಾಫ್ಟಿನದು, ಆಮೇಲೆ ಕ್ರೌನ್-ಪಿನಿಯನ್ನಿನದು. ಕಾಡಿನಂಚಿನಲ್ಲಿ ಅರ್ಧ ತಾಸಿನಲ್ಲಿ ಬದಲಿಸಬಹುದಾದ ಭಾಗವೇ ಎಲ್ಲಕ್ಕಿಂತ ದುರ್ಬಲವಾಗಿರುವಂತೆ ನೋಡಿಕೊಂಡು, ಅದರ ಒಂದು ಜೊತೆಯನ್ನು ಪೆಟ್ಟಿಗೆಯಲ್ಲಿಟ್ಟುಕೊಳ್ಳಿ.

ಪ್ರಶ್ನೆ: ಗುಜರಿಯಲ್ಲಿ ದೊಡ್ಡ ವಾಹನವೊಂದರ ಹಿಂದಿನ ಆಕ್ಸಲ್ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕಿದೆ. ನಮ್ಮ ಹಳೆಯ ಜೀಪಿಗೆ ಕೂರಿಸುವ ಮುನ್ನ ಏನೇನು ಅಳೆಯಬೇಕು?
— ಶಿರಸಿ

ಉತ್ತರ: ಹಣ ಕೊಡುವ ಮೊದಲು ಜೀಪಿನ ಕೆಳಗೆ ಮಲಗಿ ಒಂದನ್ನು ನೋಡಿ. ಮೂಲ ಜೀಪು ತಯಾರಿಸಿದ ವಿಲ್ಲೀಸ್ ಪರಂಪರೆಯ ಟ್ರಾನ್ಸ್‌ಫರ್ ಕೇಸಿನಲ್ಲಿ ಹಿಂದಿನ ಆಕ್ಸಲ್‌ಗೆ ಹೋಗುವ ಶಾಫ್ಟ್ ವಾಹನದ ನಡುವಿನಿಂದಲ್ಲ, ಬಲಗಡೆಯಿಂದ ಹೊರಡುತ್ತದೆ. ಅದಕ್ಕಾಗಿಯೇ ಹಿಂದಿನ ಡಿಫರೆನ್ಷಿಯಲ್ ಉಬ್ಬೂ ಬಲಕ್ಕೆ ಸರಿದಿದೆ. ನಿಮಗೆ ಸಿಕ್ಕಿರುವ ಆಕ್ಸಲ್ಲಿನ ಉಬ್ಬು ನಟ್ಟನಡುವೆ ಇದ್ದರೆ ಈ ಶಾಫ್ಟ್ (ಪ್ರೊಪೆಲ್ಲರ್ ಶಾಫ್ಟ್) ಮೇಲಿಂದ ನೋಡಿದಾಗಲೂ ಓರೆಯಾಗಿ ಓಡಬೇಕಾಗುತ್ತದೆ. ಚಿಕ್ಕ ಜೀಪಿನಲ್ಲಿ ಆ ಶಾಫ್ಟೇ ಗಿಡ್ಡ; ಅದಕ್ಕೆ ಅಡ್ಡ ಓರೆಯೂ ಮೇಲುಕೆಳಗಿನ ಓರೆಯೂ ಸೇರಿದರೆ ಕ್ರಾಸುಗಳು (ಶಾಫ್ಟಿನ ತುದಿಯ ಮಡಚುವ ಕೂಡುಗೆಗಳು) ಉಳಿಯುವುದಿಲ್ಲ. ಎಷ್ಟೋ ಜನ ಆಕ್ಸಲ್ ತಂದ ಮೇಲೆ ಇದನ್ನು ಕಂಡುಕೊಳ್ಳುತ್ತಾರೆ.

ಅದು ಹೊಂದಿದರೆ ಉಳಿದದ್ದು ಸುಲಭ: ಚಕ್ರ ಕೂರುವ ಮುಖದಿಂದ ಮುಖಕ್ಕೆ ಅಗಲ, ಸ್ಪ್ರಿಂಗ್ ಪೀಠಗಳ ನಡುವಿನ ದೂರ, ಪೈಪಿನ ವ್ಯಾಸ, ಹಲ್ಲುಗಳ ಎಣಿಕೆ, ಚಕ್ರದ ಬೋಲ್ಟುಗಳ ವೃತ್ತ. ನಿಮ್ಮ ಜೀಪಿನಲ್ಲಿ 139.7 ಮಿಲಿಮೀಟರಿನ ವೃತ್ತದಲ್ಲಿ ಐದು ಬೋಲ್ಟುಗಳಿರುತ್ತವೆ. ಬೇರೆಯದಾದರೆ ಸ್ಟೆಪ್ನಿ ಒಂದೇ ಆಕ್ಸಲ್‌ಗೆ ಸೀಮಿತವಾಗುತ್ತದೆ. ಸಿಕ್ಕಿರುವುದು ಫುಲ್ ಫ್ಲೋಟಿಂಗ್ ಮಾದರಿಯದಾದರೆ ಅದೃಷ್ಟ. ಅದರಲ್ಲಿ ಹಬ್ ಎರಡು ಬೇರಿಂಗುಗಳ ಮೇಲೆ ಹೌಸಿಂಗಿನ ತುದಿಯಲ್ಲೇ ಕೂತಿರುವುದರಿಂದ ಜೀಪಿನ ಭಾರ ಶಾಫ್ಟಿಗೆ ತಾಗುವುದಿಲ್ಲ, ಶಾಫ್ಟ್ ಮುರಿದರೂ ಚಕ್ರ ಕಳಚಿಕೊಳ್ಳುವುದಿಲ್ಲ.

ಸ್ಪ್ರಿಂಗ್ ಪೀಠಗಳನ್ನು ಮೊದಲು ಚುಕ್ಕಿ ವೆಲ್ಡಿಂಗಿನಲ್ಲಿ ಮಾತ್ರ ನಿಲ್ಲಿಸಿ, ಜೀಪನ್ನು ಪೂರ್ತಿ ತೂಕದೊಂದಿಗೆ ನೆಲದ ಮೇಲಿಟ್ಟು, ಪಿನಿಯನ್ನಿನ ಕೋನವನ್ನು ಅಳೆಯಿರಿ. ಶಾಫ್ಟಿನ ಎರಡೂ ತುದಿಯಲ್ಲಿ ಒಂದೊಂದೇ ಕ್ರಾಸ್ ಇದ್ದರೆ ಪಿನಿಯನ್ ಮತ್ತು ಟ್ರಾನ್ಸ್‌ಫರ್ ಕೇಸಿನ ತುದಿ ಒಂದಕ್ಕೊಂದು ಸಮಾಂತರವಾಗಿರಬೇಕು. ಟ್ರಾನ್ಸ್‌ಫರ್ ಕೇಸಿನ ಕಡೆ ಜೋಡಿ ಕ್ರಾಸ್ ಇದ್ದರೆ ಪಿನಿಯನ್ ನೇರವಾಗಿ ಅದರತ್ತ, ಒಂದೆರಡು ಡಿಗ್ರಿ ಕೆಳಗೆ, ಮುಖ ಮಾಡಿರಬೇಕು. ಆಮೇಲಷ್ಟೇ ಪೂರ್ತಿ ವೆಲ್ಡಿಂಗ್. ಹೊಸ ಆಕ್ಸಲ್ಲಿನ ಬ್ರೇಕ್ ಸಿಲಿಂಡರುಗಳು ದೊಡ್ಡವಾಗಿದ್ದರೆ ಹಳೆಯ ಮಾಸ್ಟರ್ ಸಿಲಿಂಡರ್ ಕಳಿಸುವ ಎಣ್ಣೆ ಸಾಲದೆ ಪೆಡಲ್ ಕೆಳಗಿಳಿಯುತ್ತದೆ. ಹಿಂದಿನ ಬ್ರೇಕು ಮುಂದಿನದಕ್ಕಿಂತ ಬಲವಾಗಿಬಿಟ್ಟರೆ ಮಳೆಯಲ್ಲಿ ಜೀಪು ಅಡ್ಡ ತಿರುಗುತ್ತದೆ. ಖಾಲಿ ಮೈದಾನದಲ್ಲಿ ನೀರು ಹೊಯ್ದು ಪರೀಕ್ಷಿಸದೆ ರಸ್ತೆಗಿಳಿಸಬೇಡಿ.

ಪ್ರಶ್ನೆ: ಹೊಳೆ ದಾಟಿದ ಮೇಲೆ ಆಕ್ಸಲ್ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಸೀಲು ಬದಲಿಸಿದರೂ ಹಾಗೇ.
— ಹೊಸನಗರ

ಉತ್ತರ: ಬಿಸಿಯಾಗಿರುವ ಹೌಸಿಂಗ್ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲುಗಳ ಮೂಲಕ ನೀರನ್ನು ಒಳಕ್ಕೆ ಹೀರುತ್ತದೆ. ಹೌಸಿಂಗಿನ ಮೇಲಿರುವ ಸಣ್ಣ ಗಾಳಿಕಿಂಡಿ ಕೆಸರು ಕಟ್ಟಿಕೊಂಡಿದೆಯೇ ನೋಡಿ, ಅದಕ್ಕೆ ಎಣ್ಣೆ ತಡೆಯುವ ರಬ್ಬರ್ ಕೊಳವೆ ಜೋಡಿಸಿ, ಇನ್ನೊಂದು ತುದಿಯನ್ನು ಬಾನೆಟ್ಟಿನೊಳಗೆ ಎತ್ತರಕ್ಕೆ ಒಯ್ದು ಕಟ್ಟಿ. ಬಣ್ಣ ತಿರುಗಿದ ಎಣ್ಣೆಯನ್ನು ಅಂದೇ ಬದಲಿಸಿ.

ಪ್ರಶ್ನೆ: ಆಕ್ಸಲ್ ಬದಲಿಸಿದ ಜೀಪಿಗೆ ಎಫ್‌ಸಿ (ವಾಹನ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ) ಸಿಗುತ್ತದೆಯೇ?
— ಮಂಗಳೂರು

ಉತ್ತರ: ಅದೇ ಮಾದರಿಗೆ ಕಂಪನಿ ಕೊಟ್ಟ ಆಕ್ಸಲನ್ನೇ ಹಾಕಿದ್ದರೆ ಅದು ದುರಸ್ತಿ. ವಾಹನದ ಮೂಲ ವಿವರಗಳನ್ನೇ ಬದಲಿಸುವ ಕೆಲಸ ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್, ತಯಾರಕರು ಮೂಲತಃ ನಿಗದಿಪಡಿಸಿ ನೋಂದಣಿಯಲ್ಲಿ ನಮೂದಾದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಅಪಘಾತವಾದಾಗ ವಿಮೆಯವರು ಮೊದಲು ಕೇಳುವುದೂ ಇದನ್ನೇ. ಆದ್ದರಿಂದ ಬೇರೆ ವಾಹನದ ಆಕ್ಸಲ್ ಹಾಕುವ ಆಲೋಚನೆಯಿದ್ದರೆ ಕೆಲಸ ಆರಂಭಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಉತ್ತರವನ್ನು ಲಿಖಿತವಾಗಿ ಪಡೆಯಿರಿ. ಖಾಸಗಿ ಜಾಗದ ಸ್ಪರ್ಧೆಗಳಿಗಾಗಿ ಮಾರ್ಪಡಿಸಿದ ಜೀಪನ್ನು ಲಾರಿಯ ಮೇಲೆ ಹೇರಿಕೊಂಡೇ ಒಯ್ಯಿರಿ.

ಪ್ರಶ್ನೆ: ಹೊಸ ಕ್ರೌನ್-ಪಿನಿಯನ್ ಕೂರಿಸಿದ್ದೇವೆ. ಕೂಡಲೇ ಭಾರ ಹೇರಬಹುದೇ?
— ಸಕಲೇಶಪುರ

ಉತ್ತರ: ಬೇಡ. ಹಲ್ಲುಗಳಿಗೆ ಬಣ್ಣ ಸವರಿ ತಿರುಗಿಸಿದಾಗ ಗುರುತು ಹಲ್ಲಿನ ನಡುವೆ ಮೂಡಿತ್ತೇ, ಹಲ್ಲುಗಳ ನಡುವಿನ ಸಡಿಲ 0.13ರಿಂದ 0.23 ಮಿಲಿಮೀಟರಿನೊಳಗಿತ್ತೇ ಎಂದು ಕೂರಿಸಿದವರನ್ನು ಕೇಳಿ. ಡಯಲ್ ಗೇಜ್ ಇಲ್ಲದೆ ಕೈಯಂದಾಜಿನಲ್ಲಿ ಕೂರಿಸಿದ್ದರೆ ಬಿಚ್ಚಿ ಅಳೆಸಿ. ಮೊದಲ ದಿನ ಹದಿನೈದು ಇಪ್ಪತ್ತು ನಿಮಿಷ ಖಾಲಿ ಓಡಿಸಿ, ಹೌಸಿಂಗ್ ಪೂರ್ತಿ ತಣಿಯುವವರೆಗೆ ನಿಲ್ಲಿಸಿ. ಇದನ್ನು ಮೂರು ನಾಲ್ಕು ಸಲ ಮಾಡಿ. 800 ಕಿಲೋಮೀಟರಿನವರೆಗೆ ಟ್ರೇಲರ್ ಎಳೆಸಬೇಡಿ. ಆಮೇಲೆ ಎಣ್ಣೆಯನ್ನು ಇಳಿಸಿ, ತಳದಲ್ಲಿ ಉಳಿದ ಉಕ್ಕಿನ ಪುಡಿಯನ್ನು ಅಯಸ್ಕಾಂತದಿಂದ ತೆಗೆದು, ಜಿಎಲ್-5 ದರ್ಜೆಯ ಹೊಸ ಎಣ್ಣೆ ತುಂಬಿಸಿ. ಅಯಸ್ಕಾಂತಕ್ಕೆ ಮಸಿಯಂಥ ನುಣುಪು ಪುಡಿ ಅಂಟಿದ್ದರೆ ಚಿಂತೆಯಿಲ್ಲ, ಬೆರಳಿಗೆ ಚುಚ್ಚುವ ಚೂರುಗಳು ಸಿಕ್ಕರೆ ಜೀಪನ್ನು ಅಲ್ಲೇ ನಿಲ್ಲಿಸಿ ಡಿಫರೆನ್ಷಿಯಲ್ ಬಿಚ್ಚಿಸಿ.